ಗುರುಗಳಿಲ್ಲದ 221 ವರ್ಷ: ನಾಗಸಾಕಿಯ ಗುಪ್ತ ಕ್ರೈಸ್ತರು

ಭಾಗ 1/10
ಜಪಾನಿನ ನಾಗಸಾಕಿ. ಹೊಸ ವರ್ಷದ ಮೊದಲ ವಾರ. ಸರ್ಕಾರದ ಅಧಿಕಾರಿಗಳು ಬೀದಿ ಬೀದಿಗೆ ಬರ್ತಾರೆ. ಜೊತೆಗೆ ಒಂದು ಹಿತ್ತಾಳೆ ಫಲಕ. ಅದರ ಮೇಲೆ ಶಿಲುಬೆಯ ಯೇಸುವಿನ ಉಬ್ಬುಚಿತ್ರ, ಇಲ್ಲಾಂದ್ರೆ ಮಗುವನ್ನು ಎತ್ತಿಕೊಂಡ ಮಾತೆ ಮರಿಯಮ್ಮನ ಚಿತ್ರ. ಅದನ್ನು ನೆಲದ ಮೇಲೆ ಇಡ್ತಾರೆ. ಮನೆಯ ಯಜಮಾನನಿಂದ ಹಿಡಿದು ಒಬ್ಬೊಬ್ಬರೂ ಬಂದು ಅದನ್ನು ತುಳೀಬೇಕು. ತುಳಿದವರ ಹೆಸರಿಗೆ ಪಟ್ಟಿಯಲ್ಲಿ ಗುರುತು ಬೀಳುತ್ತೆ. ಎಳೆಕೂಸುಗಳ ಕಾಲನ್ನೂ ಮುಟ್ಟಿಸ್ತಾರೆ. ಹಾಸಿಗೆ ಹಿಡಿದವರಿದ್ದರೆ ಫಲಕವೇ ಹಾಸಿಗೆ ಹತ್ತಿರ ಹೋಗುತ್ತೆ.

ತುಳಿದರೆ ನೀವು ಕ್ರೈಸ್ತರಲ್ಲ ಅಂತ ಲೆಕ್ಕ. ಹಿಂಜರಿದರೆ ಜೈಲು, ಚಿತ್ರಹಿಂಸೆ, ಸಾವು.

ಈ ಫಲಕಕ್ಕೆ ‘ಫುಮಿ-ಎ’ ಅಂತ ಹೆಸರು. 1620ರ ದಶಕದಲ್ಲಿ ಶುರುವಾದ ಪದ್ಧತಿ 1850ರ ದಶಕದವರೆಗೂ ನಡೀತು. ಮೊದಮೊದಲು ಕಾಗದದ ಚಿತ್ರ, ಆಮೇಲೆ ಮರದ ಹಲಗೆ. ಅವೆಲ್ಲ ಸವೆದು ಹೋಗ್ತಿದ್ದವು ಅಂತ 1669ರಲ್ಲಿ 20 ಹಿತ್ತಾಳೆ ಫಲಕಗಳನ್ನು ಎರಕ ಹೊಯ್ಸಿದರು. ಇವತ್ತು ಅವು ಟೋಕಿಯೋದ ಮ್ಯೂಸಿಯಮ್ಮಿನಲ್ಲಿವೆ. ಎಷ್ಟು ಕಾಲುಗಳು ಬಿದ್ದಿವೆ ಅಂದ್ರೆ, ಯೇಸುವಿನ ಮುಖ ನುಣ್ಣಗಾಗಿ ಕಣ್ಣು ಮೂಗು ಸರಿಯಾಗಿ ಕಾಣೋದಿಲ್ಲ.

ನಂಬಿಕೆ ಉಳಿಸಿಕೊಂಡವರ ಕಥೆ ಅಂದ್ರೆ ನಮಗೆ ರಕ್ತಸಾಕ್ಷಿಗಳ ಕಥೆಯೇ ನೆನಪಾಗೋದು. ಸಾಯ್ತೀನಿ, ಆದ್ರೆ ಬಿಡಲ್ಲ ಅಂದವರು. ಅವರ ಬಗ್ಗೆ ಈ ಸರಣಿಯಲ್ಲೂ ಬರುತ್ತೆ. ಆದರೆ ನಾನು ಮುಖ್ಯವಾಗಿ ಹೇಳಬೇಕು ಅಂತಿರೋದು ಆ ಫಲಕ ತುಳಿದು ಮನೆಗೆ ವಾಪಸ್ ಹೋದವರ ಬಗ್ಗೆ. ಯಾಕಂದ್ರೆ ಜಪಾನಿನಲ್ಲಿ ಕ್ರೈಸ್ತ ನಂಬಿಕೆ ಉಳಿದಿದ್ದು ಬಹುಪಾಲು ಅವರಿಂದ. ಹೇಗೆ ಅನ್ನೋದೇ ಈ ಹತ್ತು ಭಾಗಗಳ ಕಥೆ.

ಭಾಗ 2/10
ಮೊದಲು ಈ ಧರ್ಮ ಅಲ್ಲಿಗೆ ಹೋಗಿದ್ದು ಹೇಗೆ ನೋಡೋಣ. ದಾರಿ ನಮ್ಮ ಪಕ್ಕದ ಗೋವಾದಿಂದಲೇ ಹೋಗುತ್ತೆ.

ಗೋವಾ ಟ್ರಿಪ್ ಹೋದವರು ಹಳೇ ಗೋವಾದ ಬೋಮ್ ಜೀಸಸ್ ಬಸಿಲಿಕಾ ನೋಡಿರ್ತೀರಿ. ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇದೆ. ಇದೇ ಝೇವಿಯರ್ 1549ರ ಆಗಸ್ಟ್ 15ರಂದು ಜಪಾನಿನ ಕಾಗೊಶಿಮಾದಲ್ಲಿ ಇಳಿದರು. ಅವರಿಗೆ ಜೊತೆಯಾಗಿ ಹೋದವನು ಆಂಜಿರೊ ಅನ್ನೋ ಜಪಾನಿ. ಅವನಿಗೆ ಜ್ಞಾನಸ್ನಾನ ಆಗಿದ್ದು ಹಿಂದಿನ ವರ್ಷ, ಗೋವಾದಲ್ಲೇ.

ಆಗ ಜಪಾನಿಗೆ ಒಬ್ಬ ದೊರೆ ಅಂತ ಇರಲಿಲ್ಲ. ಪ್ರತಿ ಪ್ರಾಂತ್ಯಕ್ಕೂ ಒಬ್ಬ ಪಾಳೇಗಾರ, ಅವರವರ ನಡುವೆ ಯುದ್ಧ. ಪೋರ್ಚುಗೀಸರ ಹಡಗು ಚೀನಾದ ರೇಷ್ಮೆ ತಂದು ಜಪಾನಿನ ಬೆಳ್ಳಿ ಒಯ್ಯುತ್ತಿತ್ತು. ಹಡಗು ಯಾರ ಬಂದರಿಗೆ ಬರುತ್ತೋ ಅವನಿಗೆ ಲಾಭ. ಹಡಗಿನ ಜೊತೆ ಪಾದ್ರಿಗಳೂ ಬರ್ತಿದ್ದರು. ಹಾಗಾಗಿ ಕೆಲವು ಪಾಳೇಗಾರರು ಪಾದ್ರಿಗಳನ್ನು ಕರೆದು ಕೂರಿಸಿಕೊಂಡರು. ಓಮುರಾ ಸುಮಿತಾದಾ ಅನ್ನೋ ಪಾಳೇಗಾರ 1563ರಲ್ಲಿ ತಾನೇ ಜ್ಞಾನಸ್ನಾನ ಪಡೆದ. 1571ರಲ್ಲಿ ಅವನ ಸೀಮೆಯಲ್ಲಿದ್ದ ನಾಗಸಾಕಿ ಅನ್ನೋ ಸಣ್ಣ ಊರನ್ನು ವಿದೇಶಿ ಹಡಗುಗಳಿಗೆ ಬಂದರು ಮಾಡಲಾಯಿತು.

17ನೇ ಶತಮಾನ ಶುರುವಾಗೋ ಹೊತ್ತಿಗೆ ಕ್ರೈಸ್ತರ ಸಂಖ್ಯೆ ಸುಮಾರು 3 ಲಕ್ಷ ಆಗಿತ್ತು ಅಂತ ಅಂದಾಜು. ಗುರುಗಳು ಮಾತ್ರ ಬೆರಳೆಣಿಕೆ. ಒಂದು ಹಳ್ಳಿಗೆ ವರ್ಷಕ್ಕೊಮ್ಮೆ ಗುರುಗಳು ಬಂದರೇ ಹೆಚ್ಚು. ಉಳಿದ ದಿನ ಊರಿನವರೇ ಸಣ್ಣ ಸಣ್ಣ ಸಂಘ ಕಟ್ಟಿಕೊಂಡು ಪ್ರಾರ್ಥನೆ, ರೋಗಿಗಳ ಆರೈಕೆ, ಮಣ್ಣು ಮಾಡೋದು ಎಲ್ಲ ನೋಡಿಕೊಳ್ತಿದ್ದರು. ಈ ಸಂಘಗಳನ್ನು ನೆನಪಿಡಿ, ಮುಂದೆ ಇವೇ ಉಪಯೋಗಕ್ಕೆ ಬರೋದು.

ಭಾಗ 3/10
ಧರ್ಮ ಮತ್ತು ವ್ಯಾಪಾರ ಒಂದೇ ಹಡಗಿನಲ್ಲಿ ಬಂದರೆ ಏನಾಗುತ್ತೆ? ಇವತ್ತು ಪಾದ್ರಿ, ನಾಳೆ ಸೈನ್ಯ ಅನ್ನೋ ಅನುಮಾನ ಹುಟ್ಟುತ್ತೆ. ಜಪಾನನ್ನು ಒಂದು ಮಾಡ್ತಿದ್ದ ಹಿದೆಯೋಶಿಗೂ ಹಾಗೇ ಆಯ್ತು. 1587ರಲ್ಲಿ ಪಾದ್ರಿಗಳು ದೇಶ ಬಿಡಬೇಕು ಅಂತ ಆಜ್ಞೆ ಮಾಡಿದ. ಲಾಭ ಬೇಕಿತ್ತಲ್ಲ, ಅದಕ್ಕೆ ಹತ್ತು ವರ್ಷ ಬಿಗಿ ಮಾಡಲಿಲ್ಲ. ಕೊನೆಗೆ 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ 26 ಜನರನ್ನು ಶಿಲುಬೆಗೇರಿಸಿದರು. ಕ್ಯೋಟೋ ಕಡೆ ಹಿಡಿದು, ಕಿವಿ ಕತ್ತರಿಸಿ, ಚಳಿಗಾಲದಲ್ಲಿ ಅಷ್ಟೂ ದೂರ ನಡೆಸಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಜನ ನೋಡಿ ಹೆದರಲಿ ಅನ್ನೋದು ಉದ್ದೇಶ. ಅವರಲ್ಲಿ ಅತಿ ಚಿಕ್ಕವನು ಲೂಯಿಸ್ ಇಬಾರಾಕಿ, ವಯಸ್ಸು 12.

ಈ 26 ಜನರಲ್ಲಿ ಒಬ್ಬರು ಭಾರತದವರು ಅಂತ ಎಷ್ಟು ಜನಕ್ಕೆ ಗೊತ್ತು? ಗೊನ್ಸಾಲೊ ಗಾರ್ಸಿಯಾ. ಮುಂಬೈ ಹತ್ತಿರದ ವಸಾಯಿಯಲ್ಲಿ ಹುಟ್ಟಿದವರು. ತಂದೆ ಪೋರ್ಚುಗೀಸ್, ತಾಯಿ ಕೊಂಕಣದವರು. ನಮ್ಮ ಕಾಮರ್ಸ್ ಹುಡುಗರು ಕೇಳಿಸ್ಕೊಳ್ಳಿ, ಅವರು ಜಪಾನಿನಲ್ಲಿ ಮೊದಲು ವ್ಯಾಪಾರ ಮಾಡಿಕೊಂಡಿದ್ದವರು! ಆಮೇಲೆ ಮನಿಲಾಕ್ಕೆ ಹೋಗಿ ಫ್ರಾನ್ಸಿಸ್ಕನ್ ಸಭೆಗೆ ಬ್ರದರ್ ಆಗಿ ಸೇರಿದರು. ಜಪಾನಿ ಭಾಷೆ ಚೆನ್ನಾಗಿ ಬರ್ತಿದ್ದರಿಂದ ದುಭಾಷಿಯಾಗಿ ಅಲ್ಲಿಗೇ ವಾಪಸ್ ಕಳಿಸಿದರು. 1862ರಲ್ಲಿ ಆ 26 ಜನರನ್ನೂ ಸಂತರು ಅಂತ ಘೋಷಿಸಲಾಯಿತು. ಭಾರತದಲ್ಲಿ ಹುಟ್ಟಿದವರಲ್ಲಿ ಆ ಪದವಿಗೆ ಏರಿದ ಮೊದಲಿಗರು ಗೊನ್ಸಾಲೊ. ಈ 1862 ಅನ್ನೋ ವರ್ಷಕ್ಕೆ ಏಳನೇ ಭಾಗದಲ್ಲಿ ಕೆಲಸ ಇದೆ.

ಭಾಗ 4/10
1614ರಲ್ಲಿ ತೊಕುಗಾವಾ ಸರ್ಕಾರ ಇಡೀ ದೇಶದಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. ಈ ಸಲ ನಾಟಕ ಇರಲಿಲ್ಲ. ಚರ್ಚುಗಳನ್ನು ಕೆಡವಿದರು. ಪಾದ್ರಿಗಳನ್ನು ಹಡಗು ಹತ್ತಿಸಿದರು. 1622ರಲ್ಲಿ ಅದೇ ನಿಶಿಜಾಕಾದಲ್ಲಿ ಒಂದೇ ದಿನ 55 ಜನರನ್ನು ಕೊಂದರು. ಸುಟ್ಟವರಲ್ಲಿ, ತಲೆ ಕಡಿದವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ಆದರೆ ಅಧಿಕಾರಿಗಳಿಗೆ ಬೇಗ ಒಂದು ವಿಷಯ ಹೊಳೀತು. ಸತ್ತವನನ್ನು ಜನ ಪೂಜಿಸ್ತಾರೆ. ಬಿಟ್ಟುಕೊಟ್ಟವನನ್ನು ನೋಡಿ ಜನ ಕುಸೀತಾರೆ. ಅಂದಿನಿಂದ ಲೆಕ್ಕಾಚಾರ ಬದಲಾಯ್ತು: ಕೊಲ್ಲೋದಕ್ಕಿಂತ ಬಿಡಿಸೋದು ಮುಖ್ಯ. ತಲೆಕೆಳಗಾಗಿ ಗುಂಡಿಯಲ್ಲಿ ನೇತುಹಾಕೋ ಶಿಕ್ಷೆ ಬಂತು. 1633ರಲ್ಲಿ ಅಲ್ಲಿದ್ದ ಯೇಸುಸಭೆಯ ಮುಖ್ಯಸ್ಥ ಕ್ರಿಸ್ತೊವಾವೊ ಫೆರೇರಾ ಐದು ಗಂಟೆ ಆ ಗುಂಡಿಯಲ್ಲಿದ್ದು ನಂಬಿಕೆ ಬಿಟ್ಟೆ ಅಂತ ಸನ್ನೆ ಮಾಡಿದರು. ‘ಸೈಲೆನ್ಸ್’ ಸಿನಿಮಾ ನೋಡಿದವರಿಗೆ ಈ ಹೆಸರು ಗೊತ್ತಿರುತ್ತೆ. ಶುಸಾಕು ಎಂಡೊ 1966ರಲ್ಲಿ ಬರೆದ ಕಾದಂಬರಿಯನ್ನು ಮಾರ್ಟಿನ್ ಸ್ಕಾರ್ಸೆಸಿ 2016ರಲ್ಲಿ ತೆರೆಗೆ ತಂದರು.

ಸಾಮಾನ್ಯ ಜನರಿಗೆ ಬೇರೆ ಬಲೆ. ಐದೈದು ಮನೆ ಸೇರಿಸಿ ಒಂದು ಗುಂಪು. ಒಂದು ಮನೆ ತಪ್ಪು ಮಾಡಿದರೆ ಐದೂ ಮನೆ ಹೊಣೆ. ಪ್ರತಿ ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಿ, ಇವರು ಕ್ರೈಸ್ತರಲ್ಲ ಅನ್ನೋ ಸರ್ಟಿಫಿಕೇಟ್ ತಗೋಬೇಕು. ಊರ ಬಾಗಿಲಲ್ಲಿ ಬಹುಮಾನದ ಬೋರ್ಡು. 1682ರ ಬೋರ್ಡಿನ ರೇಟು ನೋಡಿ: ಪಾದ್ರಿಯನ್ನು ಹಿಡಿದುಕೊಟ್ಟರೆ 500 ಬೆಳ್ಳಿ ನಾಣ್ಯ, ಬ್ರದರ್‌ಗೆ 300, ಒಮ್ಮೆ ಬಿಟ್ಟು ಮತ್ತೆ ನಂಬಿಕೆಗೆ ಮರಳಿದವರಿಗೆ 300, ಸಾಮಾನ್ಯ ಕ್ರೈಸ್ತನಿಗೆ 100.

ಆ ಮೂರನೇ ರೇಟನ್ನು ಮತ್ತೊಮ್ಮೆ ಓದಿ. ಬಿಟ್ಟು ಮರಳಿದವನ ಬೆಲೆ ಸಾಮಾನ್ಯ ಕ್ರೈಸ್ತನ ಮೂರು ಪಟ್ಟು. ಯಾವುದಕ್ಕೆ ಹೆದರಬೇಕು ಅಂತ ಸರ್ಕಾರಕ್ಕೆ ಸರಿಯಾಗೇ ಗೊತ್ತಿತ್ತು.

ಭಾಗ 5/10
1637ರಲ್ಲಿ ಶಿಮಾಬಾರಾ ಮತ್ತು ಅಮಾಕುಸಾದ ರೈತರು ದಂಗೆ ಎದ್ದರು. ತೆರಿಗೆ ಕಟ್ಟೋಕಾಗದೆ ಹೊಟ್ಟೆಗಿಲ್ಲದ ಜನ ಅವರು. ಜೊತೆಗೆ ಬಹಳಷ್ಟು ಮಂದಿ ಕ್ರೈಸ್ತರು. ನಾಯಕನಾಗಿ ನಿಂತವನು ಅಮಾಕುಸಾ ಶಿರೊ, ಹದಿನಾರರ ಆಸುಪಾಸಿನ ಹುಡುಗ. ಹಾರಾ ಅನ್ನೋ ಪಾಳು ಕೋಟೆಯಲ್ಲಿ ತಿಂಗಳುಗಟ್ಟಲೆ ತಡೆದು ನಿಂತರು. 1638ರ ವಸಂತದಲ್ಲಿ ಕೋಟೆ ಬಿತ್ತು. ಒಳಗಿದ್ದವರು ಸುಮಾರು 37,000 ಜನ ಅಂತ ಲೆಕ್ಕ. ಹೆಚ್ಚುಕಡಿಮೆ ಯಾರನ್ನೂ ಬಿಡಲಿಲ್ಲ.

ಮರುವರ್ಷ ಪೋರ್ಚುಗೀಸರನ್ನು ದೇಶದಿಂದ ಓಡಿಸಿದರು. 1644ರಲ್ಲಿ ಜಪಾನಿನಲ್ಲಿ ಉಳಿದಿದ್ದ ಕೊನೆಯ ಗುರು ಮಾನ್ಸಿಯೊ ಕೊನಿಶಿ ರಕ್ತಸಾಕ್ಷಿಯಾದರು.

ಇಲ್ಲಿಂದ ಎಣಿಸಿ. 1644ರಿಂದ 1865ರವರೆಗೆ 221 ವರ್ಷ ಆ ಜನರ ನಡುವೆ ಒಬ್ಬ ಗುರುವೂ ಇಲ್ಲ. ಬಲಿಪೂಜೆ ಇಲ್ಲ. ಪಾಪನಿವೇದನೆ ಇಲ್ಲ. ಪರಮಪ್ರಸಾದ ಇಲ್ಲ. ಚರ್ಚ್ ಕಟ್ಟಡ ಇಲ್ಲ. ಬೈಬಲ್ ಇಟ್ಟುಕೊಳ್ಳೋ ಹಾಗಿಲ್ಲ. ಮಗು ರಸ್ತೆಯಲ್ಲಿ ಬಾಯಿ ತಪ್ಪಿ ಒಂದು ಮಾತಾಡಿದರೆ ಐದು ಮನೆ ಹೋಯ್ತು.

2020ರ ಲಾಕ್‌ಡೌನಿನಲ್ಲಿ ಈಸ್ಟರ್ ಪೂಜೆಯನ್ನು ಮನೆಯಲ್ಲಿ ಮೊಬೈಲಿನಲ್ಲಿ ನೋಡಿದ್ದು ನಮ್ಮಲ್ಲಿ ತುಂಬಾ ಜನಕ್ಕೆ ನೆನಪಿರುತ್ತೆ. ಕೆಲವೇ ತಿಂಗಳು ಚರ್ಚ್ ಮುಚ್ಚಿದ್ದಕ್ಕೆ ನಮಗೆ ಏನೋ ಕಳಕೊಂಡ ಹಾಗಾಗಿತ್ತು. ಇವರದ್ದು ಏಳೆಂಟು ತಲೆಮಾರು.

ಭಾಗ 6/10
ಹಾಗಾದ್ರೆ ಹೇಗೆ ಉಳಿಸಿಕೊಂಡರು? ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು.

ಕೆಲಸ ಹಂಚಿಕೊಂಡರು.

ನಾಗಸಾಕಿ ಪಕ್ಕದ ಉರಕಾಮಿ ಅನ್ನೋ ಹಳ್ಳಿಯ ಏರ್ಪಾಡು ನೋಡಿ. ಒಬ್ಬ ‘ಚೋಕಾತಾ’. ಅವನ ಕೆಲಸ ಪಂಚಾಂಗ ಕಾಯೋದು. ಯಾವ ದಿನ ಯಾವ ಹಬ್ಬ, ತಪಸ್ಸುಕಾಲ ಎಂದು ಶುರು, ಯಾವತ್ತು ಕೆಲಸ ಮಾಡಬಾರದು ಅಂತ ಲೆಕ್ಕ ಹಾಕಿ ಹೇಳೋನು. ಇನ್ನೊಬ್ಬ ‘ಮಿಜುಕಾತಾ’, ಅಂದ್ರೆ ನೀರಿನವನು. ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡೋದು ಅವನ ಜವಾಬ್ದಾರಿ. ಮೂರನೆಯವನು ‘ಕಿಕಿಯಾಕು’. ಪಂಚಾಂಗದವನು ಹೇಳಿದ್ದನ್ನು ಮನೆಮನೆಗೆ ಗುಟ್ಟಾಗಿ ಮುಟ್ಟಿಸೋನು. ಮೂವರೂ ಗದ್ದೆ ಮಾಡೋ ರೈತರೇ. ಓದಿದ ಪಂಡಿತರಲ್ಲ, ಯಾರಿಗೂ ಗುರುದೀಕ್ಷೆ ಇಲ್ಲ. ಒಬ್ಬ ಸತ್ತರೆ ಆ ಕೆಲಸ ಇನ್ನೊಬ್ಬನಿಗೆ ಹೋಗುತ್ತೆ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಪ್ರತಿ ತಲೆಮಾರೂ ಹಳೇ ಬಾಕಿಯನ್ನು ಹೊಸ ಪುಸ್ತಕಕ್ಕೆ ಎತ್ತಿ ಬರೀತು.

ಪಂಚಾಂಗ ಬಂದಿದ್ದು ಎಲ್ಲಿಂದ? ಸೊತೊಮೆ ಕಡೆ ಬಾಸ್ಟಿಯನ್ ಅನ್ನೋ ಒಬ್ಬ ಜಪಾನಿ ಉಪದೇಶಿ ಇದ್ದ. 1634ರ ವರ್ಷವನ್ನು ಆಧಾರವಾಗಿಟ್ಟು ಚರ್ಚಿನ ಹಬ್ಬಗಳನ್ನು ಜಪಾನಿನ ತಿಂಗಳುಗಳಿಗೆ ಹೊಂದಿಸಿದ ಪಂಚಾಂಗವನ್ನು ಅವನ ಹೆಸರಿನಲ್ಲೇ ಜನ ಕಾಪಾಡಿಕೊಂಡರು. ಕೊನೆಗೆ ಅವನೂ ಸಿಕ್ಕಿಬಿದ್ದು ಕೊಲ್ಲಲ್ಪಟ್ಟ. ಅವನು ಒಂದು ಮಾತು ಬಿಟ್ಟು ಹೋದ ಅಂತ ಜನ ಮಕ್ಕಳಿಗೆ ಹೇಳ್ತಾ ಬಂದರು: ಏಳು ತಲೆಮಾರು ಕಳೆದ ಮೇಲೆ ದೊಡ್ಡ ಕಪ್ಪು ಹಡಗಿನಲ್ಲಿ ಗುರುಗಳು ಬರ್ತಾರೆ, ಆಗ ನೀವು ಗಟ್ಟಿಯಾಗಿ ಹಾಡಬಹುದು.

ಪ್ರಾರ್ಥನೆಗೆ ‘ಓರಾಶೊ’ ಅಂತಿದ್ದರು. ಲ್ಯಾಟಿನಿನ ಓರಾಸಿಯೊ ಪದವೇ ನಾಲಿಗೆಯಲ್ಲಿ ತಿರುಗಿ ಹಾಗಾಗಿದ್ದು. ಬರೆದಿಟ್ಟರೆ ಅಪಾಯ ಅಂತ ಪಿಸುದನಿಯಲ್ಲೇ ಬಾಯಿಪಾಠ. ತಾತನಿಂದ ಮೊಮ್ಮಗನಿಗೆ ಹೋಗ್ತಾ ಹೋಗ್ತಾ ಎಷ್ಟೋ ಪದಗಳ ಅರ್ಥವೇ ಮರೆತುಹೋಯ್ತು, ಆದರೂ ಬಿಡಲಿಲ್ಲ. ಮರಿಯಮ್ಮನ ಪ್ರತಿಮೆ ಇಡೋ ಹಾಗಿಲ್ಲವಲ್ಲ, ಚೀನಾದಿಂದ ಬರೋ ಬಿಳಿ ಪಿಂಗಾಣಿಯ ಕನ್ನೊನ್ ಮೂರ್ತಿ ತಂದಿಟ್ಟರು. ಕನ್ನೊನ್ ಬೌದ್ಧರ ಕರುಣೆಯ ದೇವತೆ. ಕೈಯಲ್ಲಿ ಮಗು ಇರೋ ಮೂರ್ತಿಗಳೂ ಇದ್ದವು. ಅಧಿಕಾರಿಗೆ ಅದು ಕನ್ನೊನ್, ಮನೆಯವರಿಗೆ ಸಾಂತಾ ಮರಿಯಾ. ಸತ್ತವರಿಗೆ ಬೌದ್ಧ ಭಿಕ್ಷುವೇ ಬಂದು ಮಂತ್ರ ಹೇಳಬೇಕು ಅಂತ ಕಾನೂನು. ಅವನು ಒಂದು ಕೋಣೆಯಲ್ಲಿ ಮಂತ್ರ ಹೇಳ್ತಿದ್ದರೆ ಇನ್ನೊಂದು ಕಡೆ ಇವರು ಕೂತು ಅದನ್ನು ಅಳಿಸೋ ಪ್ರಾರ್ಥನೆ ಹೇಳ್ತಿದ್ದರು.

ಆದರೂ ಫಲಕದ ಪ್ರಶ್ನೆ ಉಳೀತಲ್ಲ? ವರ್ಷಕ್ಕೊಮ್ಮೆ ಯೇಸುವಿನ ಮುಖದ ಮೇಲೆ ಕಾಲಿಟ್ಟು ಬರಬೇಕಲ್ಲ?

ಅದಕ್ಕೆ ಅವರ ಹತ್ತಿರ ‘ಕೊಂಚಿರಿಸಾನ್’ ಇತ್ತು. ಪೋರ್ಚುಗೀಸ್ ಪದವೇ, ಅರ್ಥ ಪಶ್ಚಾತ್ತಾಪ. ಗುರುಗಳಿನ್ನೂ ಇದ್ದ ಕಾಲದಲ್ಲಿ, 1603ರಲ್ಲಿ, ಇದರ ಬಗ್ಗೆ ಒಂದು ಚಿಕ್ಕ ಪುಸ್ತಕ ಅಚ್ಚಾಗಿತ್ತು. ಅದರ ಬೋಧನೆ ಇಷ್ಟು: ಪಾಪನಿವೇದನೆಗೆ ಗುರು ಸಿಗದೇ ಹೋದಾಗ, ದೇವರನ್ನು ನೋಯಿಸಿದೆನಲ್ಲಾ ಅಂತ ಪ್ರೀತಿಯಿಂದ ಮನಸಾರೆ ದುಃಖಪಟ್ಟು, ಗುರು ಸಿಕ್ಕ ದಿನ ನಿವೇದಿಸ್ತೀನಿ ಅಂತ ಸಂಕಲ್ಪ ಮಾಡಿದರೆ ಕ್ಷಮೆ ಸಿಗುತ್ತೆ. ಜನ ಇದನ್ನು ಕೈಬರಹದಲ್ಲೂ ಬಾಯಲ್ಲೂ ಉಳಿಸಿಕೊಂಡರು. ಫಲಕ ತುಳಿದು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಈ ಪ್ರಾರ್ಥನೆ ಹೇಳಿ ಅಳ್ತಿದ್ದರು. ಮುಂದಿನ ವರ್ಷ ಮತ್ತೆ ತುಳಿತ, ಮತ್ತೆ ಅಳು.

ಇದು ಸುಲಭದ ದಾರಿ ಅಂತ ಅನಿಸಬಹುದು. ಯೋಚನೆ ಮಾಡಿ ನೋಡಿ. ತಾನು ಮಾಡಿದ್ದು ತಪ್ಪಲ್ಲ ಅಂತ ಅಂದುಕೊಂಡುಬಿಟ್ಟಿದ್ದರೆ ಎರಡನೇ ವರ್ಷಕ್ಕೆ ನಂಬಿಕೆ ಮುಗೀತಿತ್ತು. ತಾನು ಇನ್ನು ಕ್ಷಮೆಗೆ ಲಾಯಕ್ಕೇ ಅಲ್ಲ ಅಂತ ಅಂದುಕೊಂಡಿದ್ದರೂ ಮುಗೀತಿತ್ತು. ಎರಡೂ ಅಂದುಕೊಳ್ಳದೆ ಪ್ರತಿ ವರ್ಷ ವಾಪಸ್ ಬಂದರಲ್ಲ, ಕಷ್ಟ ಅದು.

ಹಾಗಂತ ಎಲ್ಲರೂ ತಪ್ಪಿಸಿಕೊಂಡರು ಅಂತಲ್ಲ. 1657ರಲ್ಲಿ ಓಮುರಾ ಸೀಮೆಯಲ್ಲಿ ಗುಟ್ಟು ಬಯಲಾಗಿ 600ಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. 400ಕ್ಕೂ ಹೆಚ್ಚು ಜನರ ತಲೆ ಹೋಯ್ತು. 1805ರಲ್ಲಿ ಅಮಾಕುಸಾದಲ್ಲಿ 5,000ಕ್ಕೂ ಹೆಚ್ಚು ಜನ ಬಯಲಾದಾಗ ಮಾತ್ರ ಅಧಿಕಾರಿಗಳೇ ತಲೆ ಕೆರೆದುಕೊಂಡರು. ಅಷ್ಟು ಜನರನ್ನು ಶಿಕ್ಷಿಸಿದರೆ ಗದ್ದೆ ಮಾಡೋರು ಯಾರು? ಇವರು ಕ್ರೈಸ್ತರಲ್ಲ, ಯಾವುದೋ ತಪ್ಪು ಆಚಾರದವರು ಅಂತ ಬರೆದು, ಫಲಕ ತುಳಿಸಿ ಬಿಟ್ಟುಬಿಟ್ಟರು.

ಭಾಗ 7/10
1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದ ಮೇಲೆ ಜಪಾನ್ ಬಾಗಿಲು ತೆರೆಯಲೇಬೇಕಾಯ್ತು. ವಿದೇಶಿಗಳು ಬಂದರುಗಳಲ್ಲಿ ವಾಸಮಾಡಬಹುದು, ತಮಗಾಗಿ ಚರ್ಚ್ ಕಟ್ಟಿಕೊಳ್ಳಬಹುದು ಅಂತ ಒಪ್ಪಂದ ಆಯ್ತು. ಜಪಾನಿಯರಿಗೆ ಮಾತ್ರ ನಿಷೇಧ ಹಾಗೇ ಇತ್ತು.

ಫ್ರೆಂಚ್ ಗುರುಗಳು ನಾಗಸಾಕಿಯ ಓವುರಾದಲ್ಲಿ ಒಂದು ಚರ್ಚ್ ಕಟ್ಟಿ 1865ರ ಫೆಬ್ರವರಿಯಲ್ಲಿ ಪ್ರತಿಷ್ಠೆ ಮಾಡಿದರು. ಮೂರು ವರ್ಷದ ಹಿಂದಷ್ಟೇ ಸಂತರಾಗಿದ್ದ ಆ 26 ರಕ್ತಸಾಕ್ಷಿಗಳ ಹೆಸರಿಟ್ಟರು. ಅಂದ್ರೆ ನಮ್ಮ ವಸಾಯಿಯ ಗೊನ್ಸಾಲೊ ಹೆಸರೂ ಅದರಲ್ಲಿ ಸೇರಿತು.

ಮಾರ್ಚ್ 17, ಮಧ್ಯಾಹ್ನದ ಹೊತ್ತು. ಉರಕಾಮಿಯಿಂದ ಹದಿನೈದು ಜನರ ಒಂದು ಗುಂಪು ಬಂದು ಚರ್ಚ್ ಬಾಗಿಲಲ್ಲಿ ನಿಂತಿತ್ತು. ಫಾದರ್ ಬರ್ನಾರ್ಡ್ ಪೆತಿಜಾನ್ ಬಾಗಿಲು ತೆಗೆದರು, ಒಳಗೆ ಹೋಗಿ ಮೊಣಕಾಲೂರಿದರು. ಗುಂಪಿನ ಒಬ್ಬ ಹೆಂಗಸು ಹತ್ತಿರ ಬಂದು ಎದೆಯ ಮೇಲೆ ಕೈಯಿಟ್ಟು, ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಅಂದಳು. ಆಮೇಲೆ ಕೇಳಿದಳು: ಸಾಂತಾ ಮರಿಯಾ ಪ್ರತಿಮೆ ಎಲ್ಲಿದೆ?

ಆ ಹೆಂಗಸಿನ ಹೆಸರು ಸುಗಿಮೊತೊ ಯುರಿ. ಮರಿಯಮ್ಮ ಇಲ್ಲದ ಚರ್ಚ್ ಆದರೆ ಇದು ನಮ್ಮದಲ್ಲ ಅನ್ನೋದು ಅವರ ಲೆಕ್ಕ. ಮುಂದಿನ ದಿನಗಳಲ್ಲಿ ಬಂದವರು ಇನ್ನೂ ಎರಡು ಪ್ರಶ್ನೆ ಕೇಳಿದರು. ರೋಮಿನಲ್ಲಿ ಪೋಪ್ ಇದ್ದಾರಾ? ನಿಮಗೆ ಮದುವೆ ಆಗಿದೆಯಾ? ಏಳು ತಲೆಮಾರು ಕಾದವರು ಸುಮ್ಮನೆ ನಂಬೋದಿಲ್ಲ, ಎಂಟ್ರೆನ್ಸ್ ಎಕ್ಸಾಂ ಮಾಡಿಯೇ ಒಪ್ಪಿಕೊಂಡರು!

ಒಂದು ವಿವರ ಮಾತ್ರ ದಯವಿಟ್ಟು ಮಿಸ್ ಮಾಡಬೇಡಿ. ಪೆತಿಜಾನ್ ತಮ್ಮ ಪತ್ರದಲ್ಲಿ ಬರೆದ ಹಾಗೆ, ಆ ಜನ ಅವತ್ತು ಇನ್ನೊಂದು ಮಾತು ಹೇಳಿದರು. ಇವತ್ತು ನಮಗೆ ದುಃಖದ ಕಾಲದ 17ನೇ ದಿನ, ನಿಮಗೂ ಆ ಕಾಲ ಇದೆಯಾ ಅಂತ. ದುಃಖದ ಕಾಲ ಅಂದ್ರೆ ತಪಸ್ಸುಕಾಲ. 1865ರಲ್ಲಿ ವಿಭೂತಿ ಬುಧವಾರ ಬಿದ್ದಿದ್ದು ಮಾರ್ಚ್ 1ಕ್ಕೆ. ಮಾರ್ಚ್ 17 ಅಂದ್ರೆ ಸರಿಯಾಗಿ 17ನೇ ದಿನ.

221 ವರ್ಷ ರೋಮಿನಿಂದ ಒಂದು ಪತ್ರ ಇಲ್ಲ, ಒಂದು ಕ್ಯಾಲೆಂಡರ್ ಇಲ್ಲ. ಗದ್ದೆ ಮಾಡೋ ರೈತರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಯಾವ ಆಡಿಟ್ ಬೇಕು ಇದಕ್ಕೆ?

ಭಾಗ 8/10
ಕಥೆ ಇಲ್ಲಿ ಮುಗಿದಿದ್ರೆ ಸಿನಿಮಾ ಥರ ಇರ್ತಿತ್ತು. ಮುಗೀಲಿಲ್ಲ.

ಗುರುಗಳು ಸಿಕ್ಕ ಮೇಲೆ ಉರಕಾಮಿಯವರು ಇನ್ನು ಬೌದ್ಧ ಅಂತ್ಯಕ್ರಿಯೆ ಬೇಡ ಅಂದರು. ಗುಟ್ಟು ಬಯಲಾಯ್ತು. 1867ರ ಜುಲೈನಲ್ಲಿ 68 ಜನರನ್ನು ಹಿಡಿದರು. ಅಷ್ಟರಲ್ಲಿ ಸರ್ಕಾರ ಬದಲಾಗಿ ಮೇಜಿ ಚಕ್ರವರ್ತಿಯ ಆಡಳಿತ ಬಂತು. ರೈಲು, ಟೆಲಿಗ್ರಾಫ್, ಹೊಸ ಸೈನ್ಯ ಎಲ್ಲ ಮಾಡಹೊರಟ ಸರ್ಕಾರ ಅದು. ಆದರೆ ಕ್ರೈಸ್ತ ಧರ್ಮದ ನಿಷೇಧವನ್ನು ಮುಂದುವರಿಸಿತು. 1868ರಿಂದ 1870ರ ನಡುವೆ ಉರಕಾಮಿಯ ಸುಮಾರು 3,400 ಜನರನ್ನು, ಅಂದ್ರೆ ಹೆಚ್ಚುಕಡಿಮೆ ಇಡೀ ಕ್ರೈಸ್ತ ಊರನ್ನೇ, ಎತ್ತಿ ದೇಶದ ಬೇರೆ ಬೇರೆ ಸೀಮೆಗಳಿಗೆ ಗಡೀಪಾರು ಮಾಡಿತು.

ಅವರಲ್ಲಿ ಕೆಲವರನ್ನು ತ್ಸುವಾನೊ ಅನ್ನೋ ಗುಡ್ಡದೂರಿಗೆ ಕಳಿಸಿದರು. ಅಲ್ಲಿ ಮೊದಲು ಉಪದೇಶ ಮಾಡಿ ಒಲಿಸಲು ನೋಡಿದರು. ಆಗದಿದ್ದಾಗ ಊಟ ಕಡಿಮೆ ಮಾಡಿದರು. ಹಿಮ ಬೀಳೋ ಕಾಲದಲ್ಲಿ ಹೆಪ್ಪುಗಟ್ಟಿದ ಕೊಳಕ್ಕೆ ಇಳಿಸಿದರು. ಎದ್ದು ನಿಲ್ಲೋಕೂ ಆಗದ, ಕಾಲು ಚಾಚೋಕೂ ಆಗದ ಮೂರಡಿ ಪಂಜರದಲ್ಲಿ ಕೂಡಿದರು. 30ಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಎಲ್ಲ ಸೀಮೆಗಳೂ ಸೇರಿ ಗಡೀಪಾರಿನಲ್ಲಿ ಸತ್ತವರು 600ಕ್ಕೂ ಹೆಚ್ಚು.

ಎಲ್ಲರೂ ತಡೆದುಕೊಂಡರಾ? ಇಲ್ಲ. ಸಾವಿರದಷ್ಟು ಜನ ಬಿಡ್ತೀವಿ ಅಂತ ಒಪ್ಪಿಕೊಂಡರು. ಮಕ್ಕಳು ಹಸಿವಿನಿಂದ ಅಳ್ತಿದ್ದರೆ ತಾಯಂದಿರು ಏನು ಮಾಡ್ತಾರೆ ಹೇಳಿ. ಅವರಲ್ಲಿ ಅನೇಕರು ಊರಿಗೆ ಮರಳಿದ ಮೇಲೆ ಪಶ್ಚಾತ್ತಾಪಪಟ್ಟು ಮತ್ತೆ ಚರ್ಚಿಗೆ ಬಂದರು. ಊರಿನವರಿಗೆ ಇದು ಹೊಸದಲ್ಲ. ಬಿದ್ದವರು ವಾಪಸ್ ಬರೋ ದಾರಿ ಅವರಿಗೆ 200 ವರ್ಷಗಳಿಂದ ಗೊತ್ತಿತ್ತು.

ಹೊರದೇಶಗಳಿಂದ ಒತ್ತಡ ಹೆಚ್ಚಾಯ್ತು. ಒಪ್ಪಂದ ತಿದ್ದಿಸಿಕೊಳ್ಳೋಕೆ ಅಮೆರಿಕ, ಯುರೋಪಿಗೆ ಹೋದ ಜಪಾನಿನ ಮಂತ್ರಿಗಳಿಗೆ ಹೋದಲ್ಲೆಲ್ಲ ಇದೇ ಪ್ರಶ್ನೆ. 1873ರ ಫೆಬ್ರವರಿ 24ರಂದು ನಿಷೇಧದ ಬೋರ್ಡುಗಳನ್ನು ಕಿತ್ತರು. 259 ವರ್ಷದ ಮೇಲೆ! ಆ ಗಡೀಪಾರನ್ನು ಉರಕಾಮಿಯವರು ‘ತಾಬಿ’ ಅಂತ ಕರೀತಾರೆ. ತಾಬಿ ಅಂದ್ರೆ ಪ್ರಯಾಣ, ಅಷ್ಟೇ.

ಭಾಗ 9/10
ವಾಪಸ್ ಬಂದಾಗ ಗದ್ದೆ ಹಾಳುಬಿದ್ದಿತ್ತು, ಮನೆಗಳಲ್ಲಿ ಏನೂ ಉಳಿದಿರಲಿಲ್ಲ. 1874ರಲ್ಲಿ ಆಮಶಂಕೆ ಹಬ್ಬಿತು. ಗಡೀಪಾರಿನಿಂದ ಮರಳಿದ್ದ ಇವಾನಾಗಾ ಮಾಕಿ ಅನ್ನೋ ಯುವತಿ ಗೆಳತಿಯರ ಜೊತೆ ಸೇರಿ ರೋಗಿಗಳ ಸೇವೆಗೆ ನಿಂತಳು, ಅನಾಥ ಮಕ್ಕಳನ್ನು ಸಾಕಿದಳು. ಅವಳಿಗೆ ಆಗ ಇಪ್ಪತ್ತೈದು ವರ್ಷ.

ಆಮೇಲೆ ಈ ಬಡವರು ಒಂದು ಜಾಗ ಕೊಂಡರು. ಯಾವುದು ಗೊತ್ತಾ? ಹಳೇ ಊರ ಮುಖ್ಯಸ್ಥನ ಮನೆ ಇದ್ದ ಜಾಗ. ವರ್ಷವರ್ಷ ಅವರ ತಾತ ಮುತ್ತಾತಂದಿರು ಫಲಕ ತುಳೀತಿದ್ದ ಜಾಗ. ಅಲ್ಲೇ 1895ರಲ್ಲಿ ಕೆಲಸ ಶುರು ಮಾಡಿ, ಇಟ್ಟಿಗೆ ಇಟ್ಟಿಗೆ ಸೇರಿಸಿ, 1914ಕ್ಕೆ ಉರಕಾಮಿ ಕಥೀಡ್ರಲ್ ಕಟ್ಟಿ ಮುಗಿಸಿದರು.

1945ರ ಆಗಸ್ಟ್ 9, ಬೆಳಿಗ್ಗೆ 11 ಗಂಟೆ 2 ನಿಮಿಷ. ಅಣುಬಾಂಬ್ ಸಿಡಿದಿದ್ದು ಕಥೀಡ್ರಲಿನಿಂದ ಸುಮಾರು 500 ಮೀಟರ್ ದೂರದಲ್ಲಿ. ಮರಿಯಮ್ಮನ ಸ್ವರ್ಗಾರೋಹಣದ ಹಬ್ಬ ಹತ್ತಿರ ಇದ್ದಿದ್ದರಿಂದ ಒಳಗೆ ಗುರುಗಳು ಪಾಪನಿವೇದನೆ ಕೇಳ್ತಿದ್ದರು. ಒಳಗಿದ್ದ ಯಾರೂ ಉಳೀಲಿಲ್ಲ. ಉರಕಾಮಿಯ ಸುಮಾರು 12,000 ಭಕ್ತರಲ್ಲಿ 8,500ರಷ್ಟು ಜನ ಸತ್ತರು.

ತಕಾಶಿ ನಾಗಾಯ್ ಅಲ್ಲಿನ ಮೆಡಿಕಲ್ ಕಾಲೇಜಿನ ಎಕ್ಸ್-ರೇ ಡಾಕ್ಟರ್. ವಿದ್ಯಾರ್ಥಿಯಾಗಿದ್ದಾಗ ದೇವರನ್ನು ನಂಬದವರು. ಉರಕಾಮಿಯ ಮೊರಿಯಾಮಾ ಅನ್ನೋ ಕುಟುಂಬದ ಮನೆಯಲ್ಲಿ ಬಾಡಿಗೆಗಿದ್ದರು. ಆ ಮನೆತನ ಹಿಂದಿನ ಕಾಲದ ಚೋಕಾತಾ ಮನೆತನ, ನಾನು ಆರನೇ ಭಾಗದಲ್ಲಿ ಹೇಳಿದ ಪಂಚಾಂಗ ಕಾಯೋರು! ಆ ಮನೆಯವರ ಜೀವನ ನೋಡಿ 1934ರಲ್ಲಿ ಜ್ಞಾನಸ್ನಾನ ಪಡೆದು ಅವರ ಮಗಳು ಮಿದೊರಿಯನ್ನು ಮದುವೆಯಾದರು. ಬಾಂಬ್ ಬಿದ್ದ ಮೇಲೆ ಗಾಯಗೊಂಡ ಮೈಯಲ್ಲೇ ರೋಗಿಗಳನ್ನು ನೋಡಿಕೊಂಡು, ಕೆಲವು ದಿನ ಬಿಟ್ಟು ಮನೆ ಇದ್ದ ಜಾಗಕ್ಕೆ ಹೋದರು. ಬೂದಿಯಲ್ಲಿ ಹೆಂಡತಿಯ ಮೂಳೆಗಳಿದ್ದವು, ಪಕ್ಕದಲ್ಲಿ ಕರಗಿದ ಜಪಮಾಲೆ.

ಕಥೀಡ್ರಲಿನ ಎರಡು ಗಂಟೆಗಳಲ್ಲಿ ಒಂದು ಒಡೆದಿತ್ತು. ಇನ್ನೊಂದು ಅವಶೇಷದ ಅಡಿಯಲ್ಲಿ ಗಟ್ಟಿಯಾಗಿತ್ತು. ಜನ ಅದನ್ನು ಅಗೆದು ತೆಗೆದು, ಮರದ ಕಂಬ ನಿಲ್ಲಿಸಿ ಕಟ್ಟಿ, ಅದೇ ವರ್ಷದ ಕ್ರಿಸ್ಮಸ್ ಹಿಂದಿನ ರಾತ್ರಿ ಬಾರಿಸಿದರು. ಹೊಸ ಕಥೀಡ್ರಲ್ 1959ರಲ್ಲಿ ಎದ್ದಿತು. ಒಡೆದ ಗಂಟೆಯ ಜಾಗ ಮಾತ್ರ ಖಾಲಿ ಉಳಿದಿತ್ತು. ಅಮೆರಿಕದ ಕಥೋಲಿಕರು ಹಣ ಕೂಡಿಸಿ ಹೊಸ ಗಂಟೆ ಕೊಟ್ಟರು. 2025ರ ಆಗಸ್ಟ್ 9ರಂದು, 80 ವರ್ಷದ ಮೇಲೆ, ಅದೇ 11 ಗಂಟೆ 2 ನಿಮಿಷಕ್ಕೆ ಎರಡೂ ಗಂಟೆಗಳು ಒಟ್ಟಿಗೆ ಮೊಳಗಿದವು.

ಭಾಗ 10/10
1873ರ ನಂತರ ಎಲ್ಲ ಗುಪ್ತ ಕ್ರೈಸ್ತರೂ ಚರ್ಚಿಗೆ ಬರಲಿಲ್ಲ ಅನ್ನೋದನ್ನೂ ಹೇಳಬೇಕು. ಇಕಿತ್ಸುಕಿಯಂಥ ದ್ವೀಪಗಳಲ್ಲಿ ಕೆಲವರು, ನಮ್ಮ ಹಿರಿಯರು ಕೊಟ್ಟಿದ್ದೇ ನಮಗೆ ಸಾಕು ಅಂತ ಹಳೇ ಓರಾಶೊಗಳನ್ನೇ ಹೇಳಿಕೊಂಡು ಉಳಿದರು. ಇವತ್ತು ಅಂಥವರು ಬಹಳ ಕಡಿಮೆ, ಇರೋರಿಗೂ ವಯಸ್ಸಾಗಿದೆ. ಹಿಂಸೆ ಕಾಲದಲ್ಲಿ ನಿಲ್ಲದ ಬಾಯಿಪಾಠ, ಮಕ್ಕಳು ಕೆಲಸಕ್ಕೆ ಸಿಟಿಗೆ ಹೋದ ಮೇಲೆ ನಿಲ್ತಾ ಬಂದಿದೆ. 2018ರಲ್ಲಿ ಯುನೆಸ್ಕೊ ಈ ಜನರ ಹಳ್ಳಿಗಳು, ಹಾರಾ ಕೋಟೆ, ಓವುರಾ ಚರ್ಚ್ ಸೇರಿ 12 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಮೊದಲ ಭಾಗದ ಪ್ರಶ್ನೆಗೆ ಬರೋಣ. ತುಳಿದವರು ನಂಬಿಕೆ ಕಳಕೊಂಡರಾ?

ನಿಶಿಜಾಕಾದ ಗುಡ್ಡದ ಮೇಲೆ ಸತ್ತವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಅವರ ನೆನಪು ಇಲ್ಲದಿದ್ದರೆ ಉಳಿದವರಿಗೆ ಧೈರ್ಯ ಎಲ್ಲಿಂದ ಬರ್ತಿತ್ತು? ಆದರೆ ಎಲ್ಲರೂ ಸತ್ತಿದ್ದರೆ 1865ರ ಆ ಮಧ್ಯಾಹ್ನ ಬಾಗಿಲಲ್ಲಿ ನಿಲ್ಲೋಕೆ ಯಾರೂ ಇರ್ತಿರಲಿಲ್ಲ. ಬಂದ ಹದಿನೈದು ಜನರೂ ತುಳಿದವರ ಮಕ್ಕಳು, ಮೊಮ್ಮಕ್ಕಳು. ಹಿರಿಯರು ತಾವೂ ತುಳಿದಿದ್ದವರೇ.

ನಮ್ಮ ಕಷ್ಟಗಳು ಬೇರೆ. ಯಾರೂ ಫಲಕ ಹಿಡಿದು ಬರ್ತಿಲ್ಲ. ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ, ಅಪ್ಪನ ಕೆಲಸ ಹೋಗಿದ್ದು, ಬ್ಯಾಕ್‌ಲಾಗ್ ಮೇಲೆ ಬ್ಯಾಕ್‌ಲಾಗ್, ಎಷ್ಟು ಪ್ರಾರ್ಥನೆ ಮಾಡಿದರೂ ಉತ್ತರ ಬರ್ತಿಲ್ಲ ಅನ್ನೋ ಬೇಸರ. ಇಂಥ ಹೊತ್ತಲ್ಲಿ ತುಂಬಾ ಜನ ನಂಬಿಕೆ ಬಿಡೋದು ಸಿಟ್ಟಿನಿಂದ ಅಲ್ಲ ಅಂತ ನನಗನಿಸುತ್ತೆ. ತಿಂಗಳುಗಟ್ಟಲೆ ಪ್ರಾರ್ಥನೆ ಬಿಟ್ಟೆ, ಇನ್ನು ಯಾವ ಮುಖ ಇಟ್ಕೊಂಡು ಹೋಗಲಿ ಅನ್ನೋ ನಾಚಿಕೆಯಿಂದ. ಉರಕಾಮಿಯವರಿಗೆ ಆ ನಾಚಿಕೆ ವರ್ಷಕ್ಕೊಮ್ಮೆ ಗ್ಯಾರಂಟಿ ಇತ್ತು. ಆದರೂ ಅದೇ ಸಂಜೆ ಮೊಣಕಾಲೂರಿದರು.

ಇನ್ನೊಂದು ವಿಷಯ. ಅಲ್ಲಿ ಒಬ್ಬರೇ ಎಲ್ಲವನ್ನೂ ಹೊರಲಿಲ್ಲ. ಒಬ್ಬ ದಿನ ಎಣಿಸಿದ, ಒಬ್ಬ ನೀರು ಹುಯ್ದ, ಒಬ್ಬ ಮನೆಮನೆಗೆ ಸುದ್ದಿ ಮುಟ್ಟಿಸಿದ. ನಿಮ್ಮ ಕ್ಲಾಸಿನಲ್ಲಿ, ನಿಮ್ಮ ಚರ್ಚಿನ ಯುವಕರ ಗುಂಪಿನಲ್ಲಿ ಸ್ವಲ್ಪ ದಿನದಿಂದ ಕಾಣಿಸದೇ ಇರೋ ಒಬ್ಬರ ಹೆಸರು ಈಗ ನೆನಪಿಗೆ ಬಂದಿರುತ್ತೆ. ಅವರಿಗೆ ಇವತ್ತು ಒಂದು ಮೆಸೇಜ್ ಹಾಕಿ. ಉಪದೇಶ ಬೇಡ, ಊಟ ಆಯ್ತಾ ಅಂತ ಕೇಳಿದ್ರೆ ಸಾಕು.

ಹತ್ತೂ ಭಾಗ ಓದಿದವರು ಕಾಮೆಂಟಿನಲ್ಲಿ ಒಂದು ಪದ ಬರೀರಿ: ಪಂಚಾಂಗ, ನೀರು, ಸುದ್ದಿ. ಈ ಮೂರರಲ್ಲಿ ನಿಮ್ಮ ಕೆಲಸ ಯಾವುದು?

#ಇತಿಹಾಸ #ನಾಗಸಾಕಿ #ಗುಪ್ತಕ್ರೈಸ್ತರು #ನಂಬಿಕೆ #ಕನ್ನಡದಲ್ಲಿ